ತುಮಕೂರಿಂದ ಪಂಢರಪುರ, ಬಸ್ಸಲ್ಲೇ ಹೋಗಿಬರೋದು: ಯಾವ ಬ್ಯಾಗು, ಎಷ್ಟು ಸಾಮಾನು?

ಎಸ್.ಎಸ್. ಪುರಂ ಮಗಳು:

ಎಲ್ಲರಿಗೂ ನಮಸ್ಕಾರ. ಪಂಢರಪುರ ನೋಡಬೇಕು ಅನ್ನೋದು ಅಮ್ಮನ ಬಹಳ ವರ್ಷದ ಆಸೆ. ಕಾರ್ತಿಕ ಏಕಾದಶಿಯ ಜನಜಂಗುಳಿ ಕಳೆದ ಮೇಲೆ ನಾವಿಬ್ಬರೇ ಹೊರಡೋದು ಅಂತ ತೀರ್ಮಾನ ಆಗಿದೆ. ಮೊದಲು ಹುಬ್ಬಳ್ಳಿ, ಅಲ್ಲಿ ಚಿಕ್ಕಮ್ಮನ ಮನೆ. ಆಮೇಲೆ ವಿಜಯಪುರ, ಸೋಲಾಪುರ, ಪಂಢರಪುರ. ವಾಪಸ್ ಬರುವಾಗ ಕೊಲ್ಹಾಪುರದ ಮಹಾಲಕ್ಷ್ಮಿ ದರ್ಶನ ಮುಗಿಸಿ, ಬೆಳಗಾವಿಯಿಂದ ನೇರ ತುಮಕೂರು. ಅಲ್ಲಲ್ಲಿ ಇಳಿದು ಹತ್ತಬೇಕಾಗಿರೋದರಿಂದ ಪೂರ್ತಿ ಬಸ್ಸಿನಲ್ಲೇ.

ನನ್ನ ಚಿಂತೆ ಲಗೇಜಿಂದು. ಮನೆಯಲ್ಲಿರೋದು ಮದುವೆಯಲ್ಲಿ ಕೊಟ್ಟಿದ್ದ 28 ಇಂಚಿನ ಗಟ್ಟಿ ಸೂಟ್‌ಕೇಸ್, ಮತ್ತೆ ಅಣ್ಣ ಆಫೀಸಿಗೆ ಹಾಕ್ಕೊಂಡು ಹೋಗ್ತಿದ್ದ ಬ್ಯಾಕ್‌ಪ್ಯಾಕ್. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿ ನೋವಿದೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೋತಾರೆ. ಹಾಗಾಗಿ ಎಲ್ಲಾ ಬ್ಯಾಗೂ ನಾನೇ ಎತ್ತಬೇಕು, ಜೊತೆಗೆ ಅಮ್ಮನ ಕೈಯನ್ನೂ ಹಿಡ್ಕೋಬೇಕು. ಹೊಸದು ಕೊಳ್ಳೋದಾದ್ರೆ ಎಂಥದ್ದು? ಚಕ್ರ ಇರಬೇಕಾ, ಬೇಡವಾ? ಏನೇನು ಬಿಟ್ಟು ಹೋಗಬಹುದು? ಅನುಭವ ಇರೋರು ದಯವಿಟ್ಟು ಹೇಳಿ.

ಹೆದ್ದಾರಿ ಪಯಣಿಗ:

ಅಕ್ಕ, ಬ್ಯಾಗಿನ ಅಂಗಡಿಗೆ ಹೋಗೋಕೆ ಮುಂಚೆ ಒಂದು ವಿಷಯ ನೋಡ್ಕೊಳ್ಳಿ. ಬಸ್ ಹತ್ತೋದು ಎಲ್ಲಿ, ಎಷ್ಟು ಹೊತ್ತಿಗೆ? ಬೆಂಗಳೂರಿನೋರಿಗೆ ಬಸ್ಸು ನಿಲ್ದಾಣದಲ್ಲೇ ನಿಂತಿರುತ್ತೆ, ಡಿಕ್ಕಿ ಖಾಲಿ ಇರುತ್ತೆ, ನಿಧಾನವಾಗಿ ಇಟ್ಟು ಹತ್ತಬಹುದು. ನಾವು ತುಮಕೂರಿನೋರು ಹತ್ತೋದು ನಡುದಾರೀಲಿ. ಹುಬ್ಬಳ್ಳಿ, ಬೆಳಗಾವಿ, ಪುಣೆ ಕಡೆಯ ರಾತ್ರಿ ಬಸ್ಸುಗಳು ಬೆಂಗಳೂರಿಂದ 70 ಕಿಲೋಮೀಟರ್ ಬಂದು ಇಲ್ಲಿಗೆ ಮುಟ್ಟೋ ಹೊತ್ತಿಗೆ ಎಷ್ಟೋ ಸಲ ಹತ್ತೂವರೆ, ಹನ್ನೊಂದು ದಾಟಿರುತ್ತೆ. ಖಾಸಗಿ ಬಸ್ಸುಗಳು ಊರೊಳಗೆ ಬರೋದು ಕಡಿಮೆ, ಹೆದ್ದಾರಿ ಪಕ್ಕದಲ್ಲೇ ನಿಲ್ಲಿಸ್ತಾರೆ. ಕತ್ತಲೆ. ಹಿಂದೆ ಲಾರಿ ಹಾರ್ನ್ ಹೊಡೀತಿರುತ್ತೆ. ಕ್ಲೀನರ್ ಹುಡುಗ ಮೊಬೈಲ್ ಟಾರ್ಚ್ ಹಚ್ಚಿಕೊಂಡು ಡಿಕ್ಕಿ ಬಾಗಿಲು ಎತ್ತಿದ್ರೆ ಒಳಗೆ ಬೆಂಗಳೂರಿನೋರ ಸಾಮಾನು, ಪಾರ್ಸಲ್ ಡಬ್ಬ, ಬಟ್ಟೆ ಬಂಡಲ್ಲು ತುಂಬಿ ಹೋಗಿರುತ್ತೆ. ನಿಮ್ಮ 28 ಇಂಚಿನ ಸೂಟ್‌ಕೇಸ್‌ಗೆ ಅಲ್ಲಿ ಜಾಗ ಮಾಡಬೇಕು ಅಂದ್ರೆ ನಾಲ್ಕು ಬ್ಯಾಗು ಈಚೆ ಎಳೀಬೇಕು. ಅಷ್ಟರಲ್ಲಿ ಡ್ರೈವರ್ ‘ಬೇಗ, ಬೇಗ’ ಅಂತಾನೆ. ಅಮ್ಮ ಒಂದು ಕಡೆ ಮೆಟ್ಟಿಲು ಹತ್ತಕ್ಕಾಗದೆ ನಿಂತಿರ್ತಾರೆ.

ಇದನ್ನ ಹೆದರಿಸೋಕೆ ಹೇಳ್ತಿಲ್ಲ. ನಮ್ಮೂರಲ್ಲಿ ಬ್ಯಾಗು ಆರಿಸೋದು ಆ ಎರಡು ನಿಮಿಷದ ಲೆಕ್ಕದಲ್ಲಿ. ಒಂದೇ ಕೈಯಲ್ಲಿ ಎದೆಮಟ್ಟಕ್ಕೆ ಎತ್ತಕ್ಕಾಗಬೇಕು, ಡಿಕ್ಕಿಯಲ್ಲಿ ಜಾಗ ಇಲ್ಲ ಅಂದ್ರೆ ಕಾಲ ಬಳಿ ಇಟ್ಟುಕೊಳ್ಳೋಕೆ ಆಗಬೇಕು. ಇವೆರಡು ಆಗಲಿಲ್ಲ ಅಂದ್ರೆ ಬ್ಯಾಗು ಎಷ್ಟೇ ಚೆನ್ನಾಗಿದ್ರೂ ನಮಗೆ ಸರಿಹೋಗಲ್ಲ. ನಾನು ಹೇಳೋದು 40ರಿಂದ 45 ಲೀಟರಿನ ಬಟ್ಟೆಯ ಏರ್‌ಬ್ಯಾಗು, ಹೆಗಲಿಗೆ ಹಾಕ್ಕೊಳ್ಳೋ ಪಟ್ಟಿ ಇರೋದು. ತುಂಬಿದ ಮೇಲೆ ಎಂಟು ಕೆ.ಜಿ. ಮೀರಬಾರದು. ಜೊತೆಗೆ ಮೈಮೇಲೆಯೇ ಇರೋ ಒಂದು ಸಣ್ಣ ಅಡ್ಡ ಚೀಲ. ಅಷ್ಟೇ.

28 ಇಂಚಿನ ಗಟ್ಟಿ ಸೂಟ್‌ಕೇಸ್ ಖಾಲಿ ಇದ್ದಾಗಲೇ ನಾಲ್ಕರಿಂದ ಐದು ಕೆ.ಜಿ. ತೂಗುತ್ತೆ. ಬಟ್ಟೆ ಏರ್‌ಬ್ಯಾಗು ಒಂದು ಕೆ.ಜಿ. ಒಳಗೆ. ಈ ವ್ಯತ್ಯಾಸದಲ್ಲೇ ಅಮ್ಮನ ಎಲ್ಲಾ ಸೀರೆ ಬಂದುಬಿಡುತ್ತೆ.

ಕುಣಿಗಲ್ ಸೊಸೆ:

ಹೆದ್ದಾರಿ ಪಯಣಿಗ ಅವರೇ, ನೀವು ಒಬ್ಬರೇ ಓಡಾಡೋರು ಅನ್ಸುತ್ತೆ. ವಯಸ್ಸಾದೋರನ್ನ ಕರ್ಕೊಂಡು ಹೋಗೋ ಹೆಣ್ಣುಮಕ್ಕಳ ಕಷ್ಟ ಬೇರೆ. ಎಂಟು ಕೆ.ಜಿ. ಹೆಗಲಿಗೆ ಹಾಕ್ಕೊಂಡು ಒಂದು ಕೈಯಲ್ಲಿ ಅಮ್ಮನನ್ನ ಹಿಡ್ಕೊಂಡು ಹುಬ್ಬಳ್ಳಿ ನಿಲ್ದಾಣದಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡಿ, ಸೊಂಟ ಬಿದ್ದು ಹೋಗುತ್ತೆ. ನಮ್ಮತ್ತೆಯನ್ನ ಧರ್ಮಸ್ಥಳ, ಮಂತ್ರಾಲಯ, ಶಿರಡಿ ಎಲ್ಲಾ ಕಡೆ ಬಸ್ಸಲ್ಲೇ ಕರ್ಕೊಂಡು ಹೋಗಿದ್ದೀನಿ. ಚಕ್ರ ಇರೋ 20–22 ಇಂಚಿನ ಬಟ್ಟೆ ಟ್ರಾಲಿಯೇ ಕಾಪಾಡಿರೋದು. ಬಸ್ಸು ನಿಲ್ಲೋದು ಎರಡು ನಿಮಿಷ ನಿಜ. ಆದರೆ ಬಸ್ಸಿಗೆ ಕಾಯೋದು, ಇಳಿದು ಆಟೋ ಹುಡುಕೋದು, ಲಾಡ್ಜಿಗೆ ನಡೆಯೋದು ಗಂಟೆಗಟ್ಟಲೆ. ಎತ್ತೋ ಹೊತ್ತಿಗಿಂತ ಎಳೆಯೋ ಹೊತ್ತೇ ಜಾಸ್ತಿ.

ಹೆದ್ದಾರಿ ಪಯಣಿಗ:

ನಿಮ್ಮ ಮಾತು ಒಪ್ತೀನಿ ಅಕ್ಕ, ನಿಲ್ದಾಣದ ಒಳಗೆ. ಆದರೆ ಪಂಢರಪುರದ ಗಲ್ಲಿಗಳಲ್ಲಿ, ಚಂದ್ರಭಾಗಾ ಘಾಟಿನ ಮೆಟ್ಟಿಲುಗಳಲ್ಲಿ ಚಕ್ರ ಏನು ಮಾಡುತ್ತೆ? ಕಲ್ಲು, ಮಣ್ಣು, ನೀರು. ಕೊನೆಗೆ ಎತ್ತಲೇಬೇಕು, ಆಗ ಚಕ್ರದ ಮತ್ತು ಹಿಡಿಕೆಯ ತೂಕವೂ ಸೇರಿಕೊಳ್ಳುತ್ತೆ.

ಕುಣಿಗಲ್ ಸೊಸೆ:

ಘಾಟಿಗೆ ಯಾರಾದ್ರೂ ಪೂರ್ತಿ ಲಗೇಜು ತಗೊಂಡು ಹೋಗ್ತಾರಾ? ರೂಮಲ್ಲಿ ಇಟ್ಟು ಒಂದು ಕೈಚೀಲ ತಗೊಂಡು ಹೋಗೋದಲ್ವಾ.

ಮಂಡಿಪೇಟೆ ಬ್ಯಾಗ್ ರಿಪೇರಿ:

ನಮ್ಮ ಹತ್ರ ರಿಪೇರಿಗೆ ಬರೋ ಬ್ಯಾಗುಗಳನ್ನ ನೋಡಿ ಹೇಳ್ತೀನಿ. ಬಸ್ಸಲ್ಲಿ ಓಡಾಡೋರ ಬ್ಯಾಗು ಒಂದೇ ರೀತಿ ಕೆಡುತ್ತೆ. ಮೊದಲು ಜಿಪ್ಪಿನ ರನ್ನರ್, ಆಮೇಲೆ ಹಿಡಿಕೆಯ ಹೊಲಿಗೆ, ಆಮೇಲೆ ಚಕ್ರ.

ಟ್ರಾಲಿ ಬೇಕೇ ಬೇಕು ಅನ್ನೋರು ನಾಲ್ಕು ಚಕ್ರದ್ದು ತಗೋಬೇಡಿ. ನಾಲ್ಕು ಚಕ್ರದವು ವಿಮಾನ ನಿಲ್ದಾಣದ ನುಣುಪು ನೆಲಕ್ಕೆ ಮಾಡಿರೋವು, ಚಕ್ರ ಸಣ್ಣದು, ಬ್ಯಾಗಿಂದ ಹೊರಗೆ ಚಾಚಿಕೊಂಡಿರುತ್ತೆ. ಡಿಕ್ಕಿಯಲ್ಲಿ ಪಕ್ಕದ ಸಾಮಾನು ಒತ್ತಿದ್ರೆ ಅಥವಾ ಇಳಿಸುವಾಗ ಕೆಳಗೆ ಕುಕ್ಕಿದ್ರೆ ಅದೇ ಮೊದಲು ಮುರಿಯೋದು. ಎರಡು ಚಕ್ರದ್ದಾದ್ರೆ ಚಕ್ರ ದೊಡ್ಡದು, ಅರ್ಧ ಬ್ಯಾಗಿನ ಒಳಗೇ ಕೂತಿರುತ್ತೆ. ನಮ್ಮ ರಸ್ತೆಗೆ ಅದೇ ಸರಿ. ಬಸ್ಸಲ್ಲಿ ನಿಲ್ಲಿಸಿದ್ರೆ ಬ್ರೇಕ್ ಹಾಕಿದಾಗ ಉರುಳಿ ಮುಂದಕ್ಕೂ ಹೋಗಲ್ಲ. ಎಳೆಯೋ ಹಿಡಿಕೆಯ ಕೊಳವೆ ಪೂರ್ತಿ ಮೇಲಕ್ಕೆ ಎಳೆದು ಅಕ್ಕಪಕ್ಕ ಅಲ್ಲಾಡಿಸಿ ನೋಡಿ. ಈಗಲೇ ಗಡಗಡ ಅಂದ್ರೆ ಬಿಟ್ಟುಬಿಡಿ. ಕೊಳವೆ ಒಂದು ಸಲ ಸೊಟ್ಟಗಾದ್ರೆ ಒಳಗೆ ಹೋಗಲ್ಲ, ಅದನ್ನ ನೆಟ್ಟಗೆ ಮಾಡಿಕೊಡೋದೂ ಕಷ್ಟ.

ಗಟ್ಟಿ ಸೂಟ್‌ಕೇಸಲ್ಲಿ ಎರಡು ಜಾತಿ. ಎಬಿಎಸ್ ಪ್ಲಾಸ್ಟಿಕ್ಕಿಂದು ಅಗ್ಗ, ಬಿರುಸು, ಮೂಲೆಗೆ ಪೆಟ್ಟು ಬಿದ್ರೆ ಸೀಳುತ್ತೆ. ಪಾಲಿಕಾರ್ಬೊನೇಟ್ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತೆ, ಬೆಲೆ ಜಾಸ್ತಿ. ಯಾವುದೇ ಆಗಲಿ, ಕಾಲ ಬಳಿಯ ಸಂದಿಗೆ ಮಡಚಿ ತುರುಕೋಕಾಗಲ್ಲ. ಬಟ್ಟೆ ಬ್ಯಾಗು ಇಕ್ಕಟ್ಟಿಗೆ ತಕ್ಕ ಹಾಗೆ ಕೂರುತ್ತೆ.

ಬಟ್ಟೆ ಬ್ಯಾಗಿನ ಚೀಟಿಯಲ್ಲಿ 600 ಡಿ, 1000 ಡಿ ಅಂತ ಬರೆದಿರ್ತಾರೆ. ಡಿ ಅಂದ್ರೆ ಡೆನಿಯರ್, ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ. 600ರ ಪಾಲಿಯೆಸ್ಟರ್ ನಿಮಗೆ ಸಾಕು. ಬಟ್ಟೆ ಎಷ್ಟು ದಪ್ಪ ಅನ್ನೋದಕ್ಕಿಂತ ಹೊಲಿಗೆ ನೋಡಿ. ಹಿಡಿಕೆಯ ಪಟ್ಟಿ ಬ್ಯಾಗಿನ ತಳದ ತನಕ ಸುತ್ತಿಕೊಂಡು ಬಂದಿರಬೇಕು, ಜಿಪ್ಪಿನ ಹತ್ರ ನಾಲ್ಕು ಟಾಕ ಹಾಕಿ ನಿಲ್ಲಿಸಿರಬಾರದು. ಪಟ್ಟಿ ಸೇರೋ ಕಡೆ ಚೌಕದ ಒಳಗೆ ಅಡ್ಡಗೆರೆ ಹಾಕಿದ ಹೊಲಿಗೆ ಇದ್ರೆ ಭಾರ ತಡೆಯುತ್ತೆ. ಒಳಗೆ ಕೈ ಹಾಕಿ ನೋಡಿ, ಹೊಲಿಗೆಯ ಅಂಚಿಗೆ ಪಟ್ಟಿ ಕೂಡಿಸಿರಬೇಕು. ಇಲ್ಲದಿದ್ರೆ ನೂಲು ಬಿಚ್ಚಿಕೊಂಡು ಬರುತ್ತೆ.

ಜಿಪ್ಪು ದಪ್ಪ ಇರಲಿ, 8 ಅಥವಾ 10ನೇ ನಂಬರಿಂದು. ನಂಬರು ಹೆಚ್ಚಿದಷ್ಟೂ ಹಲ್ಲು ಅಗಲ. ರನ್ನರಿನ ಹಿಂಭಾಗದಲ್ಲಿ ಎಷ್ಟೋ ಸಲ ಆ ನಂಬರು ಅಚ್ಚಾಗಿರುತ್ತೆ. ದಾರಿಯಲ್ಲಿ ಜಿಪ್ಪು ಎಳೆದ್ರೂ ಹಲ್ಲು ಕೂಡ್ತಾ ಇಲ್ಲ ಅಂದ್ರೆ ಗಾಬರಿ ಬೇಡ, ರನ್ನರ್ ಸಡಿಲ ಆಗಿರುತ್ತೆ ಅಷ್ಟೇ. ಸಣ್ಣ ಇಕ್ಕಳದಲ್ಲಿ ರನ್ನರಿನ ಎರಡೂ ಪಕ್ಕ ಮೆಲ್ಲಗೆ ಒತ್ತಿ, ಮತ್ತೆ ಹಿಡ್ಕೊಳ್ಳುತ್ತೆ. ಜೋರಾಗಿ ಒತ್ತಿದ್ರೆ ರನ್ನರೇ ಒಡೆದುಹೋಗುತ್ತೆ, ಹುಷಾರು. ಬಿಗಿ ಆಗಿ ಸರೀತಿಲ್ಲ ಅಂದ್ರೆ ಮೇಣದಬತ್ತಿ ಉಜ್ಜಿ.

ಇನ್ನೊಂದು ಮಾತು ಹೇಳಲೇಬೇಕು. ಜಿಪ್ಪಿಗೆ ಬೀಗ ಹಾಕಿದ್ದೀವಿ ಅಂತ ಒಡವೆ, ದುಡ್ಡು ಡಿಕ್ಕಿಗೆ ಹಾಕಬೇಡಿ. ಸುರುಳಿ ಜಿಪ್ಪನ್ನ ಒಂದು ಬಾಲ್ ಪೆನ್ನಿನ ಮೊನೆಯಿಂದ ಬಿಡಿಸಬಹುದು, ಬೀಗ ಹಾಗೇ ಇರುತ್ತೆ. ಬೀಗದಿಂದ ಪ್ರಯೋಜನ ಬ್ಯಾಗು ತಾನಾಗಿ ತೆರೆದುಕೊಳ್ಳದ ಹಾಗೆ ಮಾತ್ರ.

ನಿವೃತ್ತ ನಿರ್ವಾಹಕ, ತುಮಕೂರು:

ಅಮ್ಮಾ ಮಗಳೇ, ರಾತ್ರಿ ಬಸ್ಸಿನ ಮಾತೇ ಯಾಕೆ? ಹುಬ್ಬಳ್ಳಿಗೆ ಇಲ್ಲಿಂದ ಸುಮಾರು 340 ಕಿಲೋಮೀಟರ್. ಬೆಳಿಗ್ಗೆ ಬೇಗ ಹೊರಟರೆ ಸಂಜೆಯೊಳಗೆ ಚಿಕ್ಕಮ್ಮನ ಮನೆ ಸೇರಬಹುದು. ಕೆಂಪು ಬಸ್ಸು ನಿಲ್ದಾಣದ ಒಳಗೇ ಬರುತ್ತದೆ, ಬೆಳಕಿರುತ್ತದೆ, ತಾಯಿಯವರನ್ನು ನಿಧಾನವಾಗಿ ಹತ್ತಿಸಬಹುದು. ಶಕ್ತಿ ಯೋಜನೆಯಲ್ಲಿ ಇಬ್ಬರಿಗೂ ಶೂನ್ಯ ಟಿಕೆಟ್. 2023ರ ಜೂನ್ 11ರಿಂದ ಇದೆ, ನಿಮಗೂ ಗೊತ್ತಿರುತ್ತದೆ. ನೆನಪಿರಲಿ, ರಾಜಹಂಸ, ಐರಾವತ, ಪಲ್ಲಕ್ಕಿ, ಅಂಬಾರಿಯಂಥ ಬಸ್ಸುಗಳಿಗೆ ಅದು ಇಲ್ಲ. ರಾಜ್ಯದ ಗಡಿ ದಾಟುವ ಬಸ್ಸಿಗೂ ಇಲ್ಲ, ವಿಜಯಪುರದಿಂದ ಸೋಲಾಪುರಕ್ಕೆ ಹಣ ಕೊಟ್ಟೇ ಟಿಕೆಟ್ ತೆಗೆದುಕೊಳ್ಳಬೇಕು. ಗುರುತಿನ ಚೀಟಿ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ಎಷ್ಟೋ ಜನ ಅದನ್ನು ದೊಡ್ಡ ಬ್ಯಾಗಿನ ತಳದಲ್ಲಿಟ್ಟು, ತುಂಬಿದ ಬಸ್ಸಿನಲ್ಲಿ ಬ್ಯಾಗು ಬಿಚ್ಚುತ್ತಾ ಕೂರುತ್ತಾರೆ. ಅಷ್ಟರಲ್ಲಿ ಮುಂದಿನ ಸ್ಟಾಪು ಬಂದಿರುತ್ತದೆ. ನಿರ್ವಾಹಕನಿಗೂ ಕಷ್ಟ, ಅವರಿಗೂ ಕಷ್ಟ.

ನಮ್ಮ ನಿಗಮದ ಬಸ್ಸಿನಲ್ಲಿ ದೊಡ್ಡವರಿಗೆ ತಲಾ 30 ಕೆ.ಜಿ., ಮಕ್ಕಳಿಗೆ 15 ಕೆ.ಜಿ. ಸ್ವಂತ ಸಾಮಾನಿಗೆ ಲಗೇಜ್ ಟಿಕೆಟ್ ಬೇಕಿಲ್ಲ. ಅಕ್ಕಿ, ರಾಗಿ, ತೆಂಗಿನಕಾಯಿ, ತರಕಾರಿ ಎಲ್ಲ ಅದರೊಳಗೇ. ಹಾಗಂತ 30 ಕೆ.ಜಿ. ತುಂಬಿಕೊಂಡು ಬರಬೇಡಿ. ಕೆಂಪು ಬಸ್ಸಿನಲ್ಲಿ ಐರಾವತದ ಹಾಗೆ ಹೊಟ್ಟೆಯೊಳಗೆ ದೊಡ್ಡ ಡಿಕ್ಕಿ ಇರುವುದಿಲ್ಲ. ತಲೆ ಮೇಲಿನ ಕ್ಯಾರಿಯರ್ ಕಿರಿದು, ಅದರಲ್ಲಿ ಸಣ್ಣ ಏರ್‌ಬ್ಯಾಗು ಮಲಗುತ್ತದೆ, ಸೂಟ್‌ಕೇಸ್ ಮಲಗುವುದಿಲ್ಲ. ದೊಡ್ಡದಾದರೆ ಡ್ರೈವರ್ ಪಕ್ಕ ಇಂಜಿನ್ ಹತ್ತಿರ ಇಡಬೇಕು, ಇಲ್ಲ ಓಡಾಡುವ ದಾರಿಯಲ್ಲಿ. ಇಂಜಿನ್ ಬಾನೆಟ್ ಕಾಯುತ್ತದೆ, ಅದರ ಮೇಲೆ ಔಷಧಿ, ತುಪ್ಪ, ಹಣ್ಣು ಇಡಬೇಡಿ. ದಾರಿಯಲ್ಲಿಟ್ಟರೆ ಹಿರಿಯೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು, ಹಾವೇರಿ, ಪ್ರತಿ ನಿಲ್ದಾಣದಲ್ಲೂ ಹತ್ತುವವರು ಇಳಿಯುವವರು ಅದನ್ನೇ ದಾಟಬೇಕು. ಯಾರಾದರೂ ಎಡವಿ ಬಿದ್ದರೆ ಪಾಪ ಅಲ್ಲವೇ?

ಬ್ಯಾಗಿನ ಹೊರಗೆ ಚೀಟಿ ಕಟ್ಟಿದರೆ ಕಿತ್ತು ಹೋಗುತ್ತದೆ. ಹೆಸರು, ಫೋನ್ ನಂಬರ್ ಬರೆದ ಕಾಗದವನ್ನು ಒಳಗೆ ಬಟ್ಟೆಯ ಮೇಲೆಯೇ ಇಡಿ. ಮರೆತು ಇಳಿದವರ ಬ್ಯಾಗನ್ನು ಡಿಪೋದಲ್ಲಿ ತೆರೆದು ನೋಡಿದಾಗ ಮೊದಲು ಹುಡುಕುವುದೇ ಅದನ್ನು. ಟಿಕೆಟನ್ನೂ ಊರು ಸೇರುವ ತನಕ ಬಿಸಾಡಬೇಡಿ. ಶೂನ್ಯ ಟಿಕೆಟ್ ಆದರೂ ಅದರಲ್ಲಿ ಬಸ್ಸಿನ ವಿವರ ಇರುತ್ತದೆ, ಬ್ಯಾಗು ಪತ್ತೆ ಮಾಡಲು ಅನುಕೂಲ.

ಎಸ್.ಎಸ್. ಪುರಂ ಮಗಳು:

ಸಾರ್, ಹಗಲು ಬಸ್ಸಿನ ಮಾತು ಅಮ್ಮನಿಗೆ ಓದಿ ಹೇಳಿದೆ, ತುಂಬಾ ಸಮಾಧಾನ ಆಯ್ತು ಅವರಿಗೆ. ಹೋಗುವಾಗ ಹಗಲೇ ಹೋಗ್ತೀವಿ. ಬೆಳಗಾವಿಯಿಂದ ವಾಪಸ್ ಬರುವಾಗ ಮಾತ್ರ ಸ್ಲೀಪರ್, ಅಷ್ಟು ದೂರ ಕೂತು ಬರೋದು ಅವರ ಮಂಡಿಗೆ ಆಗಲ್ಲ. ಈಗ ಬಟ್ಟೆ ವಿಷಯ. ಅಮ್ಮ ಎಂಟು ಸೀರೆ ತೆಗೆದಿಟ್ಟಿದ್ದಾರೆ, ಅದರಲ್ಲಿ ಎರಡು ರೇಷ್ಮೆ.

ಪಾವಗಡ ಟೀಚರ್:

ಮೇಡಂ, ಅಡುಗೆಮನೆಯ ತಕ್ಕಡಿ ಇದ್ದರೆ ಒಂದೊಂದೇ ತೂಕ ಹಾಕಿ ನೋಡಿ, ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು. ನೀವು ಹೇಳಿದರೆ ಕೇಳದಿದ್ದರೂ ತಕ್ಕಡಿಯ ಮಾತು ಕೇಳುತ್ತಾರೆ. ನಮ್ಮ ಮನೆಯಲ್ಲಿ ತೂಗಿದಾಗ ಬಂದದ್ದು ಹೆಚ್ಚು ಕಡಿಮೆ ಹೀಗೆ: ಜರಿ ಇರುವ ರೇಷ್ಮೆ ಸೀರೆ 700 ಗ್ರಾಂ ದಾಟುತ್ತದೆ, ಹತ್ತಿ ಸೀರೆ ಅರ್ಧ ಕೆ.ಜಿ., ತೆಳು ಸಿಂಥೆಟಿಕ್ ಸೀರೆ 350. ಜೀನ್ಸ್ ಪ್ಯಾಂಟು 700, ಚೂಡಿದಾರ ಸೆಟ್ಟು 400. ದಪ್ಪ ಟರ್ಕಿ ಟವೆಲ್ ಒಣಗಿದಾಗಲೇ ಅರ್ಧ ಕೆ.ಜಿ., ಒದ್ದೆಯಾದರೆ ಕೇಳಲೇಬೇಡಿ. ಅದರ ಬದಲು ತೆಳು ಹತ್ತಿ ಟವೆಲ್ 150 ಗ್ರಾಂ, ಒಂದು ಗಂಟೆಯಲ್ಲಿ ಒಣಗುತ್ತದೆ.

ನಿಮ್ಮ ಪ್ರಯಾಣಕ್ಕೆ ಉಟ್ಟಿದ್ದು ಬಿಟ್ಟು ಮೂರು ಸೀರೆ ಸಾಕು. ಹುಬ್ಬಳ್ಳಿಯಲ್ಲಿ ಚಿಕ್ಕಮ್ಮನ ಮನೆ ಇದೆ, ಒಗೆದುಕೊಳ್ಳಬಹುದು. ಚಂದ್ರಭಾಗೆಯಲ್ಲಿ ಮುಳುಗುವಾಗ ಉಡಲು ಒಂದು ಹಳೆಯ ಸಿಂಥೆಟಿಕ್ ಸೀರೆ ಬೇರೆಯೇ ಇರಲಿ. ಹತ್ತಿ ಸೀರೆಯುಟ್ಟು ಮುಳುಗಿದರೆ ಅದು ನೀರು ಕುಡಿದು ಭಾರವಾಗುತ್ತದೆ, ಮಾರನೆಯ ದಿನವೂ ಒಣಗಿರುವುದಿಲ್ಲ, ಒದ್ದೆ ಗಂಟನ್ನು ಬ್ಯಾಗಿನಲ್ಲಿ ಹೊತ್ತು ಕೊಲ್ಹಾಪುರಕ್ಕೆ ಹೋಗಬೇಕು. ಒದ್ದೆ ಬಟ್ಟೆಗೆ ಅಂತ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಇಟ್ಟುಕೊಳ್ಳಿ. ರೇಷ್ಮೆ ಒಂದೇ ಒಂದು, ದರ್ಶನಕ್ಕೆ. ಅದನ್ನು ಹಳೆಯ ಹತ್ತಿ ಪಂಚೆಯಲ್ಲಿ ಸುತ್ತಿಡಿ. ಆ ಪಂಚೆ ರಾತ್ರಿ ಬಸ್ಸಿನಲ್ಲಿ ಹೊದೆಯಲು, ಲಾಡ್ಜಿನ ದಿಂಬಿನ ಮೇಲೆ ಹಾಸಲು, ತಲೆಗೆ ಸುತ್ತಿಕೊಳ್ಳಲು, ಎಲ್ಲಕ್ಕೂ ಆಗುತ್ತದೆ.

ಸ್ವೆಟರ್, ಶಾಲು ಮಾತ್ರ ಬಿಡಬೇಡಿ. ಕಾರ್ತಿಕ ಕಳೆದ ಮೇಲೆ ಬೆಳಗಾವಿ ಕಡೆ ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ. ಅವು ಬ್ಯಾಗಿನ ಒಳಗೆ ಬೇಡ, ಮೈಮೇಲೆ ಅಥವಾ ಕೈಯಲ್ಲಿ ಇರಲಿ.

ತಿಪಟೂರು ತೆಂಗು:

ಬಟ್ಟೆ ತೂಕದ ಲೆಕ್ಕ ಎಲ್ಲಾರೂ ಹಾಕ್ತೀರಿ. ನಮ್ಮ ಸೀಮೆಯೋರ ಬ್ಯಾಗು ಭಾರ ಆಗೋದು ಬಟ್ಟೆಯಿಂದ ಅಲ್ಲ ಕಣ್ರೀ. ಚಿಕ್ಕಮ್ಮನ ಮನೆಗೆ ಹೋಗ್ತಿದ್ದೀರಾ, ಬರಿಗೈಲಿ ಹೋಗ್ತೀರಾ? ನಿಮ್ಮಮ್ಮ ಆಗಲೇ ಆರೋ ಎಂಟೋ ತೆಂಗಿನಕಾಯಿ ಸುಲಿಸಿಟ್ಟಿರ್ತಾರೆ, ಒಂದು ಸೇರು ಹುಣಸೆಹಣ್ಣು, ರಾಗಿಹಿಟ್ಟು, ಒಂದು ಡಬ್ಬ ಕೋಡುಬಳೆ. ಸುಲಿದ ಕಾಯಿ ಒಂದು ಅರ್ಧ ಕೆ.ಜಿ. ಮೇಲೆ. ಎಂಟು ಕಾಯಿ ಅಂದ್ರೆ ಹೆದ್ದಾರಿ ಪಯಣಿಗರು ಹೇಳಿದ ಎಂಟು ಕೆ.ಜಿ.ಯಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೋಯ್ತು.

ಕೊಡಲೇಬೇಡಿ ಅಂತ ನಾನು ಹೇಳಲ್ಲ. ನೆಂಟಸ್ತಿಕೆ ಅಂದ್ಮೇಲೆ ಕೊಡಬೇಕು. ಕಾಯಿ ಬದಲು ಕೊಬ್ಬರಿ ತಗೊಂಡು ಹೋಗಿ. ತಿಪಟೂರಿನ ಉಂಡೆ ಕೊಬ್ಬರಿ ಒಂದು ಗಿಟುಕು 150 ಗ್ರಾಂ ಆಸುಪಾಸು, ಚಿಪ್ಪಿನ ಭಾರ ಇಲ್ಲ, ನೀರಿಲ್ಲ, ಒಡೆದು ಸೋರೋ ಭಯ ಇಲ್ಲ. ಉತ್ತರ ಕರ್ನಾಟಕದ ಅಡುಗೆಗೆ ಒಣಕೊಬ್ಬರಿಯೇ ಬೇಕಾಗೋದು, ಚಿಕ್ಕಮ್ಮನಿಗೂ ಖುಷಿ. ರಾಗಿಹಿಟ್ಟಿನ ಬದಲು ಹುರಿಹಿಟ್ಟು ಅರ್ಧ ಕೆ.ಜಿ. ಮಾಡಿಸಿಕೊಳ್ಳಿ, ದಾರಿಯಲ್ಲಿ ನಿಮಗೂ ಆಗುತ್ತೆ, ಬಿಸಿನೀರು, ಮಜ್ಜಿಗೆ ಯಾವುದರಲ್ಲಿ ಬೇಕಾದರೂ ಕಲೆಸ್ಕೋಬಹುದು. ಇದು ಹಲಸಿನ ಕಾಲ ಅಲ್ಲ. ಆಗಿದ್ದಿದ್ರೆ ಚೇಳೂರಿನ ಸಿದ್ದು ಹಲಸು ಒಂದು ಕೊಡಿ ಅಂತ ಹೇಳ್ತಿದ್ದೆ. ಬೇರೆ ಹಲಸಿನ ಹಾಗೆ ಮೂಟೆ ಗಾತ್ರ ಅಲ್ಲ ಅದು, ಎರಡೂವರೆ ಕೆ.ಜಿ. ಆಸುಪಾಸು, ತೊಳೆ ಕೆಂಪಗಿರುತ್ತೆ. ಹಿರೇಹಳ್ಳಿ ತೋಟಗಾರಿಕಾ ಕೇಂದ್ರದೋರು ಗುರುತಿಸಿದ ಮೇಲೆ ಅದರ ಗಿಡಕ್ಕೆ ಎಷ್ಟು ಬೇಡಿಕೆ ಬಂತು ನೋಡಿ.

ಮುಖ್ಯ ವಿಷಯ: ಕೊಡೋ ಸಾಮಾನು ಬೇರೆ ಬಟ್ಟೆ ಚೀಲದಲ್ಲಿ ಇಡಿ, ನಿಮ್ಮ ಬ್ಯಾಗಲ್ಲಿ ಸೇರಿಸಬೇಡಿ. ಹುಬ್ಬಳ್ಳಿಯಲ್ಲಿ ಅದು ಖಾಲಿಯಾಗುತ್ತೆ, ಅಲ್ಲಿಂದ ಮುಂದೆ ನಿಮ್ಮ ಕೈ ಹಗುರ.

ಬಟವಾಡಿ ಮೆಡಿಕಲ್ಸ್ ಹುಡುಗ:

ಮೇಡಂ, ಇನ್ಸುಲಿನ್ ಬಗ್ಗೆ ಯಾರೂ ಹೇಳಲಿಲ್ಲ, ಅದೇ ಎಲ್ಲಕ್ಕಿಂತ ಮುಖ್ಯ. ತೆರೆಯದ ಇನ್ಸುಲಿನ್ ಫ್ರಿಡ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಳಸೋಕೆ ಶುರು ಮಾಡಿದ ಪೆನ್ನು ಅಥವಾ ಬಾಟಲಿಯನ್ನ ಬಿಸಿಲು ತಾಗದ ತಣ್ಣನೆ ಜಾಗದಲ್ಲಿ ಹೊರಗಡೆ ಇಡಬಹುದು. ಸಾಮಾನ್ಯವಾಗಿ ನಾಲ್ಕು ವಾರ, ಆದರೆ ಒಂದೊಂದು ಬಗೆಗೂ ಬೇರೆ ಬೇರೆ, ಪೊಟ್ಟಣದೊಳಗಿನ ಚೀಟಿ ನೋಡಿ ಅಥವಾ ನಿಮ್ಮ ಡಾಕ್ಟರನ್ನೇ ಕೇಳಿ. ಡಿಕ್ಕಿಗೆ ಖಂಡಿತ ಹಾಕಬೇಡಿ, ಕಿಟಕಿ ಪಕ್ಕ ಬಿಸಿಲಲ್ಲಿ ಬೇಡ, ಐಸಿಗೆ ನೇರ ತಾಗೋ ಹಾಗೂ ಇಡಬೇಡಿ. ಒಂದು ಸಲ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರಲ್ಲ.

ಸೂಜಿ, ಗ್ಲೂಕೋಮೀಟರ್, ಸ್ಟ್ರಿಪ್, ಡಾಕ್ಟರ್ ಚೀಟಿ ಎಲ್ಲಾ ಅಮ್ಮನ ಮೈಮೇಲಿರೋ ಚೀಲದಲ್ಲೇ. ಎರಡು ದಿನಕ್ಕಾಗುವಷ್ಟು ಮಾತ್ರೆ ನಿಮ್ಮ ಹತ್ರ ಬೇರೆ ಇರಲಿ, ಒಂದು ಚೀಲ ಕಳೆದ್ರೂ ತೊಂದರೆ ಇಲ್ಲ. ಬಸ್ಸು ಊಟಕ್ಕೆ ನಿಲ್ಲಿಸೋ ಹೊತ್ತನ್ನ ನಂಬಬೇಡಿ. ಇನ್ಸುಲಿನ್ ತಗೊಂಡು ಊಟ ತಡ ಆದ್ರೆ ಸಕ್ಕರೆ ಕುಸಿಯುತ್ತೆ. ಬೆವರು, ನಡುಕ, ತಲೆಸುತ್ತು ಕಂಡ್ರೆ ಕೊಡೋಕೆ ಗ್ಲೂಕೋಸ್ ಪುಡಿ ಅಥವಾ ಸಕ್ಕರೆ ಪೊಟ್ಟಣ ಕೈಗೆಟುಕೋ ಜೇಬಲ್ಲಿ ಇರಬೇಕು. ಅಮ್ಮನ ಊಟ ಬ್ಯಾಗು ಹಗುರ ಮಾಡೋ ಲೆಕ್ಕದಲ್ಲಿ ಬಿಡಬೇಡಿ. ಚಪಾತಿ, ಚಟ್ನಿಪುಡಿ ಒಂದು ಹೊತ್ತಿನದು ಯಾವಾಗಲೂ ಜೊತೆಗಿರಲಿ.

ಕೋಲಾರ ಕಡೆಯೋನು:

ನಮ್ಮ ಕಡೆಯಿಂದ ಮುಳಬಾಗಿಲು, ಪಲಮನೇರು ದಾರೀಲಿ ತಿರುಪತಿಗೆ ಹೋಗೋರು ಜಾಸ್ತಿ. ಅಲಿಪಿರಿಯಲ್ಲಿ 3,550 ಮೆಟ್ಟಿಲು ಹತ್ತೋರ ಲಗೇಜನ್ನ ದೇವಸ್ಥಾನದೋರೇ ಕೆಳಗೆ ತಗೊಂಡು ಮೇಲೆ ತಲುಪಿಸ್ತಾರೆ, ದುಡ್ಡು ಇಲ್ಲ. ಹಾಗೆ ಒಪ್ಪಿಸೋ ಬ್ಯಾಗಿಗೆ ಬೀಗ ಇರಲೇಬೇಕು, ಅದಕ್ಕೇ ಜಿಪ್ಪು ಇಲ್ಲದ ಚೀಲ ತಗೊಂಡು ಹೋಗೋರು ಅಲ್ಲಿ ಪರದಾಡ್ತಾರೆ. ಯಾವ ಕ್ಷೇತ್ರಕ್ಕೆ ಹೋದ್ರೂ ಇದೇ ಲೆಕ್ಕ ಇಟ್ಕೊಳ್ಳಿ: ನಿಮ್ಮ ಬ್ಯಾಗು ಎಲ್ಲಾದ್ರೂ ಒಂದು ಕಡೆ ಒಪ್ಪಿಸಿ ಬರಿಗೈಲಿ ಸಾಲಿಗೆ ನಿಲ್ಲಬೇಕಾಗುತ್ತೆ. ಬೀಗ ಹಾಕೋಕೆ ಬರೋ ಒಂದೇ ಬ್ಯಾಗು ಇದ್ರೆ ಒಂದೇ ಟೋಕನ್. ನಾಲ್ಕು ಚೀಲ ಇದ್ರೆ ನಾಲ್ಕನ್ನೂ ಎಣಿಸ್ತಾ ಕೂರಬೇಕು.

ನೀರಿನ ಬಾಟಲಿ ಬಗ್ಗೆ: ಒಂದು ಲೀಟರ್ ಅಂದ್ರೆ ಒಂದು ಕೆ.ಜಿ. ಇಬ್ಬರಿಗೆ ಒಂದು ಸ್ಟೀಲ್ ಬಾಟಲಿ ಇಟ್ಕೊಂಡು ನಿಲ್ದಾಣಗಳಲ್ಲಿ ತುಂಬಿಸ್ಕೊಳ್ಳಿ.

ಕುಣಿಗಲ್ ಸೊಸೆ:

ಸ್ಲೀಪರಲ್ಲಿ ಬರ್ತೀವಿ ಅಂದ್ರಲ್ಲ ತಂಗಿ, ಕೆಳಗಿನ ಬರ್ತೇ ಬುಕ್ ಮಾಡಿ, ಮೇಲಿಂದಕ್ಕೆ ಅಮ್ಮ ಹತ್ತಕ್ಕಾಗಲ್ಲ. ಸ್ಲೀಪರಲ್ಲಿ ತಲೆ ಮೇಲೆ ಕ್ಯಾರಿಯರ್ ಇರಲ್ಲ, ಒಳಗೆ ತಗೊಂಡ ಬ್ಯಾಗು ಕಾಲ ಕಡೆ ಹಾಸಿಗೆ ಮೇಲೇ ಇಟ್ಕೋಬೇಕು. ಅಮ್ಮನ ಕಾಲು ಚಾಚೋ ಜಾಗ ಅದು. ಹಾಗಾಗಿ ಒಳಗೆ ಬರೋದು ಔಷಧಿ ಚೀಲ, ಶಾಲು, ನೀರು. ಉಳಿದದ್ದು ಡಿಕ್ಕಿಗೆ. ಡಿಕ್ಕಿಗೆ ಹಾಕೋ ಬ್ಯಾಗಿನ ಒಳಗಡೆ ಮೊದಲು ಒಂದು ದೊಡ್ಡ ದಪ್ಪ ಪ್ಲಾಸ್ಟಿಕ್ ಕವರ್ ಹಾಸಿ, ಅದರೊಳಗೆ ಬಟ್ಟೆ ತುಂಬಿ ಬಾಯಿ ಮಡಚಿ. ಹೊರಗೆ ಹಾಕೋ ರೇನ್ ಕವರಿಗಿಂತ ಇದು ವಾಸಿ. ಡಿಕ್ಕಿಯ ಧೂಳೂ ತಾಗಲ್ಲ, ಪಕ್ಕದೋರ ಉಪ್ಪಿನಕಾಯಿ ಡಬ್ಬ ಸೋರಿದ್ರೂ ಸೀರೆಗೆ ಎಣ್ಣೆ ಹತ್ತಲ್ಲ.

ಚಕ್ರದ ವಿಷಯದಲ್ಲಿ ನನ್ನ ಮಾತು ಅದೇ. ಎರಡು ಚಕ್ರದ 22 ಇಂಚಿನ ಬಟ್ಟೆ ಟ್ರಾಲಿ ತಗೊಳ್ಳಿ.

ಹೆದ್ದಾರಿ ಪಯಣಿಗ:

ಹಗಲು ಬಸ್ಸು, ನಿಲ್ದಾಣದಿಂದ ನಿಲ್ದಾಣಕ್ಕೆ ಅಂತ ತೀರ್ಮಾನ ಆಗಿರೋದರಿಂದ ಚಕ್ರ ಬೇಡ ಅಂತ ಹಟ ಹಿಡಿಯಲ್ಲ. ಆದರೆ ವಾಪಸ್ ಬರೋ ಸ್ಲೀಪರ್ ನಿಮ್ಮನ್ನ ಇಳಿಸೋದು ಬೆಳಗಿನ ಜಾವ, ಬಹುಶಃ ಹೆದ್ದಾರಿ ಬದಿ, ಇನ್ನೂ ಕತ್ತಲಿರೋವಾಗ. ನಿದ್ದೆಗಣ್ಣಲ್ಲಿ ಕ್ಲೀನರ್ ಕೈಗೆ ಸಿಕ್ಕ ಬ್ಯಾಗು ಇಳಿಸಿಬಿಡ್ತಾನೆ. ಒಂದೇ ಥರದ ಕಪ್ಪು ಟ್ರಾಲಿಗಳು ಡಿಕ್ಕಿ ತುಂಬಾ ಇರುತ್ತೆ. ನನ್ನ ಗೆಳೆಯನ ಬ್ಯಾಗು ಹೀಗೇ ಅದಲುಬದಲಾಗಿ, ಅದು ವಾಪಸ್ ಸಿಗೋ ಹೊತ್ತಿಗೆ ಅವನ ಇಂಟರ್‌ವ್ಯೂ ಮುಗಿದು ಹೋಗಿತ್ತು, ಸರ್ಟಿಫಿಕೇಟೆಲ್ಲ ಅದರಲ್ಲೇ ಇತ್ತು. ಕಪ್ಪು ಬಣ್ಣ ಬೇಡ. ಕೆಂಪೋ ಹಳದಿಯೋ ತಗೊಳ್ಳಿ, ಇಲ್ಲ ಹಿಡಿಕೆಗೆ ಹಳೆ ರವಿಕೆ ಬಟ್ಟೆ ಗಟ್ಟಿಯಾಗಿ ಸುತ್ತಿ ಹೊಲಿಸಿ. ಡಿಕ್ಕಿಗೆ ಹಾಕಿದಾಗ ಬ್ಯಾಗಿನ ಫೋಟೋ ಮೊಬೈಲಲ್ಲಿ ತೆಗೆದುಕೊಳ್ಳಿ. ಶಿರಾ ದಾಟುವಾಗಲೇ ಎದ್ದು ಕ್ಲೀನರ್‌ಗೆ ತೋರಿಸಿ.

ಎಸ್.ಎಸ್. ಪುರಂ ಮಗಳು:

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ಅಮ್ಮ, ನಾನು ಕೂತು ತೂಕ ಹಾಕಿದ್ವಿ. ಎಂಟು ಸೀರೆ ನಾಲ್ಕಾಯ್ತು, ಸ್ನಾನದ ಸೀರೆ ಸೇರಿ. ತೆಂಗಿನಕಾಯಿ ಬಿಟ್ಟು ಕೊಬ್ಬರಿ ತರಿಸಿದ್ದೀವಿ. ಬ್ಯಾಗು ಎರಡು ಚಕ್ರದ್ದೇ ನೋಡಿದ್ದೀನಿ, ಕೆಂಪು, ಪಕ್ಕದಲ್ಲೂ ಎತ್ತೋ ಹಿಡಿಕೆ ಇದೆ, ಅಂಗಡಿಯಲ್ಲೇ ಒಂದು ಕೈಯಲ್ಲಿ ಎದೆಮಟ್ಟಕ್ಕೆ ಎತ್ತಿ ನೋಡಿದೆ. ಹಿಡಿಕೆಯ ಹೊಲಿಗೆ ಚೌಕದ್ದೇ ಇದೆ.

ಈಗ ಒಂದೇ ಪ್ರಶ್ನೆ ಉಳಿದಿರೋದು. ಸೋಲಾಪುರದ ಚಾದರ್ ತರಬೇಕು ಅಂತ ಅತ್ತಿಗೆ, ಪಕ್ಕದ ಮನೆಯೋರು ಎಲ್ಲಾ ಹೇಳ್ತಿದ್ದಾರೆ. ಬೆಳಗಾವಿ ಕುಂದಾ, ಧಾರವಾಡ ಪೇಡಾ ಬೇರೆ. ಚಾದರ್ ಅಂದ್ರೆ ಭಾರ ಅಲ್ವಾ?

ನಿವೃತ್ತ ನಿರ್ವಾಹಕ, ತುಮಕೂರು:

ಭಾರವೇ. ದಪ್ಪ ನೂಲಿನ ಚಾದರ್ ಒಂದೊಂದೇ ಕೆ.ಜಿ. ದಾಟುತ್ತದೆ. ನಾಲ್ಕು ಕೊಂಡರೆ ನಿಮ್ಮ ಎಲ್ಲಾ ಶ್ರಮ ನೀರಿಗೆ. ಬೇಕೇ ಬೇಕೆಂದರೆ ಕೊಂಡ ತಕ್ಷಣ ಅಲ್ಲಿಂದಲೇ ಅಂಚೆ ಪಾರ್ಸಲ್ ಮಾಡಿಬಿಡಿ. ಇಲ್ಲ ಬೆಳಗಾವಿ ತನಕ ತಂದು, ಬಸ್ ನಿಲ್ದಾಣದಲ್ಲಿ ನಮ್ಮ ಕಾರ್ಗೋ ಕೌಂಟರ್ ವಿಚಾರಿಸಿ. 2021ರಲ್ಲಿ ನಿಗಮಗಳು ಶುರು ಮಾಡಿದ ಸೇವೆ ಅದು. ಬಸ್ಸಿನಲ್ಲೇ ಪಾರ್ಸಲ್ ಬರುತ್ತದೆ, ಇಲ್ಲಿ ನಿಲ್ದಾಣಕ್ಕೆ ಹೋಗಿ ಬಿಡಿಸಿಕೊಳ್ಳಬಹುದು. ಗೋಣಿಚೀಲದಲ್ಲಿಟ್ಟು ಬಾಯಿ ಹೊಲಿಸಿ, ಎರಡೂ ಕಡೆ ವಿಳಾಸ ಬರೆಯಿರಿ. ಪೇಡಾ, ಕುಂದಾ ಮಾತ್ರ ಪಾರ್ಸಲಿಗೆ ಹಾಕಬೇಡಿ, ಹಾಲಿನ ಪದಾರ್ಥ, ಕೈಯಲ್ಲೇ ತನ್ನಿ.

ಮಂಡಿಪೇಟೆ ಬ್ಯಾಗ್ ರಿಪೇರಿ:

ಮೇಡಂ, ಪೇಡಾ ಕುಂದಾಕ್ಕೆ ಅಂತ ತೆಳು ನೈಲಾನಿನ ಮಡಚೋ ಚೀಲ ಒಂದು ಬ್ಯಾಗಿನ ಹೊರ ಜೇಬಲ್ಲಿ ಹಾಕ್ಕೊಳ್ಳಿ, 100 ಗ್ರಾಂ ಕೂಡ ಇರಲ್ಲ. ಹೊಸ ಬ್ಯಾಗಿನ ಜಿಪ್ಪು ಹೊರಡೋಕೆ ಮುಂಚೆ ತುಂಬಿಸಿ ಹತ್ತಿಪ್ಪತ್ತು ಸಲ ಎಳೆದು ನೋಡಿ. ಸಿಕ್ಕಿಕೊಂಡ್ರೆ ಅಂಗಡಿಯಲ್ಲೇ ಬದಲಾಯಿಸಿಕೊಳ್ಳಿ, ಬಿಲ್ಲು ಇಟ್ಟಿರಿ.